ದಾರದಮ್ಮ ಬಿಚ್ಚಿದ ಹೊಲಿಗೆ

"ಓರೆ ಮಾಡಿ... ಇನ್ನೂ ಸ್ವಲ್ಪ ಓರೆ ಮಾಡಿ!"

ಮಿಲ್ಲಿನ ನೀಲಿ ಸಮವಸ್ತ್ರ ತೊಟ್ಟ ಇಬ್ಬರು ಆಳೆತ್ತರದ ಹೂಚಕ್ರವನ್ನು ಬಾಗಿಲೊಳಗೆ ತೂರಿಸಲು ಹೆಣಗುತ್ತಿದ್ದರು. ನೆಟ್ಟಗೆ ಹಿಡಿದರೆ ಮೇಲಿನ ಚೌಕಟ್ಟಿಗೆ ತಾಗುತ್ತಿತ್ತು; ಓರೆ ಮಾಡಿದರೆ ಬಿಳಿ ಹೂಗಳು ಹೊಸ್ತಿಲ ಮೇಲೆ ಉದುರುತ್ತಿದ್ದವು. ಚಕ್ರಕ್ಕೆ ಅಡ್ಡಲಾಗಿ ಕಟ್ಟಿದ್ದ ನೇರಳೆ ರಿಬ್ಬನ್ನಿನಲ್ಲಿ ಮಿಲ್ಲಿನ ಹೆಸರು ಬಂಗಾರದ ಬಣ್ಣದ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣದಾಗಿ, 'ದಾರದಮ್ಮನವರ ನೆನಪಿಗೆ' ಎಂದಿತ್ತು.

"ಇದನ್ನ ಒಳಗೆ ತರಬೇಕು ಅಂದ್ರೆ ನಮ್ಮಕ್ಕನ್ನ ಹೊರಗೆ ಮಲಗಿಸ್ಬೇಕು," ಎಂದಳು ಸತ್ತವಳ ತಂಗಿ. ಅಳುತ್ತ ಕೂತಿದ್ದ ಹೆಂಗಸರಲ್ಲಿ ಇಬ್ಬರು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು.

ಮಗಳು ಎದ್ದು ಬಾಗಿಲಿಗೆ ಬಂದಳು. "ಹೊರಗೇ ಇಡಿ. ಗೋಡೆಗೆ ಒರಗಿಸಿ. ಬಂದೋರಿಗೆ ಅಲ್ಲೇ ಚೆನ್ನಾಗಿ ಕಾಣ್ಸುತ್ತೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ದಿನಕ್ಕೆ ಎಂಟು ಗಂಟೆ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಬಸ್ಸು ಓಡಿಸುವ ಹೆಂಗಸು. ಯಾವುದು ಎಲ್ಲಿ ಹಿಡಿಸುತ್ತದೆ, ಎಲ್ಲಿ ಹಿಡಿಸುವುದಿಲ್ಲ ಎಂಬುದು ಅವಳಿಗೆ ನೋಡಿದೊಡನೆ ತಿಳಿಯುತ್ತಿತ್ತು.

ಅವಳ ತಾಯಿ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಹೊಲಿಗೆ ಕೆಲಸ ಮಾಡಿದವಳು. ನಿವೃತ್ತಳಾದ ಮೇಲೆ ಹನ್ನೊಂದು ವರ್ಷ ಈ ಎರಡು ಕೋಣೆಯ ಮನೆಯಲ್ಲಿ ಮಗಳ ಜೊತೆಗಿದ್ದು, ನಿನ್ನೆ ಬೆಳಿಗ್ಗೆ ತಿಂಡಿ ಮುಗಿಸಿ ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕುತ್ತಿಗೆಯಲ್ಲಿ ಸದಾ ಒಂದೆಳೆ ಬಿಳಿ ದಾರ ಜೋತಾಡುತ್ತಿದ್ದುದರಿಂದ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ದಾರದಮ್ಮ.

"ಹರಿದ ಚಾದರ ಕೈಗೆ ಕೊಟ್ರೆ ಯಾವ ವಾರ್ಡಿನದು ಅಂತ ಹೇಳೋಳು," ಎಂದು ಹಳೆಯ ನರ್ಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು. "ಹಿಮ್ಮಡಿ ಊರೋ ಕಡೆ ಸವೆದಿದ್ರೆ ಮೂಳೆ ವಾರ್ಡು. ಅಂಚು ಹರಿದಿದ್ರೆ ಹೆರಿಗೆ ವಾರ್ಡು. ನೋವಲ್ಲಿ ಹಿಡಿದು ಎಳೀತಾರಲ್ಲ, ಅದಕ್ಕೆ. ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿ ಕಳಿಸ್ತಿದ್ಲು. ಎಳೀಲಿ ಪಾಪ, ಅನ್ನೋಳು."

ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕರು ಬಂದರು. ದಾರದಮ್ಮ ಕೆಲಸ ಬಿಟ್ಟ ಮೇಲೆ ಬಂದ ಅಧಿಕಾರಿ. ಅವಳನ್ನು ಎರಡೋ ಮೂರೋ ಸಲ ನೋಡಿದ್ದರಷ್ಟೆ. ಹಿಂದೆ ಕ್ಯಾಮೆರಾ ತೂಗುಹಾಕಿಕೊಂಡ ಪತ್ರಿಕೆಯವನೊಬ್ಬನಿದ್ದ. ಮೇಲ್ವಿಚಾರಕರು ಹೆಣದ ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತು, ಆಮೇಲೆ ಮಗಳನ್ನು ಗೋಡೆಯ ಕಡೆ ಕರೆದರು.

"ಇಂಥ ದಿನ ಹೇಳ್ಬಾರ್ದು, ಆದ್ರೆ ಒಳ್ಳೆ ಸುದ್ದಿ. ಮಿಲ್ಲಿನ ಸಾಹುಕಾರರು ಆಸ್ಪತ್ರೆಗೆ ಹೊಸ ಬಟ್ಟೆ ಒಗೆಯೋ ಕಟ್ಟಡ ಕಟ್ಟಿಸಿ ಕೊಡ್ತಾರೆ. ಅದಕ್ಕೆ ನಿಮ್ಮ ತಾಯಿ ಹೆಸರು. ಕೆಳಗೆ ಸಣ್ಣದಾಗಿ, ಸಾಹುಕಾರರ ಕೊಡುಗೆ ಅಂತ."

"ಸಣ್ಣದಾಗಿ ಅಂದ್ರೆ ಆ ರಿಬ್ಬನ್ನಲ್ಲಿ ಇದೆಯಲ್ಲ, ಹಾಗಾ?" ಎಂದಳು ಚಿಕ್ಕಮ್ಮ. ಅವಳ ಕಿವಿ ಯಾವತ್ತೂ ಚುರುಕು.

ಮೇಲ್ವಿಚಾರಕರು ಕೇಳಿಸದವರಂತೆ ಮುಂದುವರಿಸಿದರು. "ಸಾಹುಕಾರರು ಖುದ್ದು ಬರ್ತಿದಾರೆ. ಸ್ಮಶಾನದಲ್ಲಿ ಎರಡು ಮಾತಾಡಿ ಹೇಳ್ತಾರೆ. ನೀವು ಪಕ್ಕದಲ್ಲಿ ನಿಂತ್ರೆ ಸಾಕು."

"ಯಾಕೆ?"

"ಫೋಟೋಗೆ."

ಮೂಲೆಯ ಸ್ಟೂಲಿನಿಂದ ಒಂದು ದಪ್ಪ ಧ್ವನಿ ಬಂತು. "ಹೂಂ ಅನ್ನಮ್ಮಾ." ಆಸ್ಪತ್ರೆಯ ಬಟ್ಟೆ ಒಗೆಯುವವರ ಮೇಸ್ತ್ರಿ ಅವನು, ಈಗ ಅವನೂ ನಿವೃತ್ತ. ಮೊಣಕಾಲ ಮೇಲಿಟ್ಟುಕೊಂಡಿದ್ದ ಅವನ ಕೈಗಳು ಹಳೆಯ ಸೋಪಿನ ಬಿಲ್ಲೆಯ ಹಾಗೆ ಬಿರುಕು ಬಿಟ್ಟಿದ್ದವು. "ಹೂಂ ಅಂದ್ಬಿಡು. ನಿಮ್ಮಮ್ಮ ಒಂದ್ಸಲ ಆ ಮನುಷ್ಯನಿಗೆ ಎದುರು ನಿಂತಿದ್ದಕ್ಕೆ ನಾವು ಎಷ್ಟು ಒದ್ದಾಡಿದೀವಿ ಅಂತ ನಿಂಗೊತ್ತಿಲ್ಲ."

"ಗೊತ್ತು ಮಾವ," ಎಂದಳು ಮಗಳು. "ನಾನೂ ಅಲ್ಲೇ ಇದ್ದೆ."

* * *

ಆಗ ಮಗಳಿಗೆ ಹನ್ನೆರಡು ವರ್ಷ. ಶಾಲೆ ಬಿಟ್ಟೊಡನೆ ಬಟ್ಟೆ ಕೋಣೆಗೆ ಬಂದು, ಮಡಿಸಿಟ್ಟ ಚಾದರಗಳ ಮೇಲೆ ಕೂತು ಮನೆಪಾಠ ಬರೆಯುತ್ತಿದ್ದಳು. ಆ ವರ್ಷ ಚಳಿ ಶುರುವಾಗುವ ಮುಂಚೆ ಮಿಲ್ಲಿನ ಲಾರಿಯಲ್ಲಿ ನಾನೂರು ಹೊಸ ಕಂಬಳಿಗಳು ಬಂದವು. ಬೂದು ಬಣ್ಣದ, ಒಳ್ಳೆ ತೂಕದ ಕಂಬಳಿಗಳು. ಜೊತೆಗೊಂದು ಚೀಲ; ಅದರ ತುಂಬ ಅಂಗೈಯಗಲದ, ದಪ್ಪ ಕೆಂಪು ಬಟ್ಟೆಯ ಬಿಲ್ಲೆಗಳು. ಒಂದೊಂದರ ಮೇಲೂ ಸಾಹುಕಾರರ ಹೆಸರು, ಅದರ ಕೆಳಗೆ 'ದಾನ' ಎಂಬ ಎರಡಕ್ಷರ. ಕಂಬಳಿ ಹೊದ್ದಾಗ ಎದೆಯ ಮೇಲೆ ಬರುವ ಹಾಗೆ ಹೊಲಿಯಬೇಕೆಂದು ಅಪ್ಪಣೆಯಾಗಿತ್ತು.

"ತೇಪೆ ಹಾಕೋದು ಹರಿದ ಬಟ್ಟೆಗೆ. ಹೊಸದಕ್ಕೆ ಯಾಕೋ," ಎಂದು ಗೊಣಗಿದಳು ದಾರದಮ್ಮ. ಗೊಣಗುತ್ತಲೇ ಹದಿನೈದು ದಿನ ಕೂತು ನಾನೂರಕ್ಕೂ ಹೊಲಿದಳು. ಕೆಲಸವೆಂದರೆ ಕೆಲಸ. ನಾಲ್ಕು ಮೂಲೆಗೂ ಬಿಗಿ ಹೊಲಿಗೆ.

ಮೂಳೆ ವಾರ್ಡಿನಲ್ಲಿ ಒಬ್ಬ ಯುವಕನಿದ್ದ. ಸಾಹುಕಾರರ ಮಿಲ್ಲಿನ ಯಂತ್ರವೇ ಅವನ ಬಲಗೈಯನ್ನು ಮಣಿಕಟ್ಟಿನ ತನಕ ತಿಂದಿತ್ತು. ಅವನ ಅಜಾಗ್ರತೆಯೇ ಕಾರಣ ಎಂದು ಮಿಲ್ಲಿನವರು ಬರೆದು ಕೊಟ್ಟಿದ್ದರು. ಅದಾಗಿ ತಿಂಗಳು ತುಂಬುವ ಮುಂಚೆ ಕಂಬಳಿ ಬಂದದ್ದು ನೋಡಿ ಊರು ಸುಮ್ಮನಿರಲಿಲ್ಲ. "ಬಾಯಿ ಮುಚ್ಚಿಸೋಕೆ ಕಂಬಳಿ ಹೊದಿಸ್ತಿದಾನೆ," ಎಂದರು ಕೆಲವರು. "ಏನೇ ಅನ್ನಿ, ಕೊಡೋ ಕೈ ಕೊಟ್ಟಿತು," ಎಂದರು ಉಳಿದವರು.

ಯುವಕ ಕಂಬಳಿಯನ್ನು ಕಾಲಿಂದ ಒದ್ದ. ನರ್ಸು ಮತ್ತೆ ಹೊದಿಸಿದಳು, ಮತ್ತೆ ಒದ್ದ. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ "ಆ ಹೆಸರು ನನ್ನ ಮೈ ಮೇಲೆ ಬೇಡ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಚಾದರ ಬದಲಿಸಲು ಬಂದ ದಾರದಮ್ಮ ಅವನನ್ನು ನೋಡಿದಳು. ಕಂಬಳಿ ಎತ್ತಿಕೊಂಡು, ಅವನ ಮಂಚದ ಅಂಚಿನಲ್ಲೇ ಕೂತು, ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ತಾನೇ ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು.

"ಬಿಲ್ಲೆ ತೆಗೆದ್ರೆ ಏನಾಯ್ತು? ಕಂಬಳಿ ಅವನದ್ದೇ ತಾನೆ," ಎಂದ ಅವನು.

"ಅವರು ಆಸ್ಪತ್ರೆಗೆ ಕೊಟ್ರು. ಆಸ್ಪತ್ರೆ ನನ್ನ ಕೈಗೆ ಕೊಡ್ತು. ಈಗ ಹೊದಿಸ್ತಿರೋಳು ನಾನು." ಕುತ್ತಿಗೆಯ ತನಕ ಎಳೆದು ಹೊದಿಸಿದಳು. "ನನ್ನ ಮೇಲೂ ಸಿಟ್ಟಿದ್ರೆ ಒದಿ."

ಅವನು ಒದೆಯಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಮರುದಿನ ಮಕ್ಕಳ ವಾರ್ಡಿನಿಂದ ಒಗೆಯಲು ಬಂದ ಕಂಬಳಿಯನ್ನು ಮಡಿಸುವಾಗ ಅವಳು ಬಿಲ್ಲೆಯ ಮೇಲೆ ಅಂಗೈ ಒತ್ತಿ ನೋಡಿದಳು. ಗಡುಸು ಅಂಚು ಚುಚ್ಚುತ್ತಿತ್ತು. ಅಂದಿನಿಂದ ಒಗೆಯಲು ಬಂದ ಪ್ರತಿ ಕಂಬಳಿಯ ಬಿಲ್ಲೆಯನ್ನೂ ಊಟದ ಬಿಡುವಿನಲ್ಲಿ ಬಿಚ್ಚತೊಡಗಿದಳು. ಸೂಜಿಯ ತೂತು ಕಾಣದಂತೆ ಉಗುರಿನಿಂದ ಉಜ್ಜಿ ನೇಯ್ಗೆ ಕೂಡಿಸುತ್ತಿದ್ದಳು.

"ಅಮ್ಮಾ, ಸಾಹುಕಾರರು ಒಳ್ಳೆಯವರಾ, ಕೆಟ್ಟವರಾ?" ಎಂದು ಮಗಳು ಕೇಳಿದ್ದಳು.

ದಾರದಮ್ಮ ಕತ್ತರಿಯಿಂದ ಕಣ್ಣೆತ್ತದೆ, "ಕಂಬಳಿ ಒಳ್ಳೇದು," ಎಂದಿದ್ದಳು.

* * *

"ಕಂಬಳಿ ಒಳ್ಳೇದೇ," ಎಂದ ಮೇಸ್ತ್ರಿ ಈಗ, ಮಗಳು ತಂದುಕೊಟ್ಟ ನೀರಿನ ಲೋಟ ಹಿಡಿದುಕೊಂಡು. "ಕೊಟ್ಟೋನ ಮನಸ್ಸು ಬಗೆದು ನೋಡಿ ನಮಗೇನಾಗ್ಬೇಕಿತ್ತು? ಹೆಸರಿಗೆ ಕೊಟ್ನೋ, ಕನಿಕರಕ್ಕೆ ಕೊಟ್ನೋ, ಹೆದರಿ ಕೊಟ್ನೋ. ಮಲಗಿದೋನಿಗೆ ಬೆಚ್ಚಗಿದ್ರೆ ಆಯ್ತು."

"ಮಲಗಿದೋನು ನಾನು," ಎಂದ ಬಾಗಿಲ ಬಳಿ ನಿಂತಿದ್ದ ಗೇಟಿನ ಕಾವಲುಗಾರ. ಅವನ ಅಂಗಿಯ ಬಲ ತೋಳನ್ನು ಮಣಿಕಟ್ಟಿನ ಹತ್ತಿರ ಮಡಿಸಿ ಪಿನ್ನು ಚುಚ್ಚಲಾಗಿತ್ತು. ಕೈ ಕಳೆದುಕೊಂಡ ಆ ಯುವಕನೇ. ದಾರದಮ್ಮ ಹತ್ತಾರು ಬಾಗಿಲು ತಟ್ಟಿ ಅವನಿಗೆ ಆಸ್ಪತ್ರೆಯ ಗೇಟಿನಲ್ಲಿ ಕೆಲಸ ಕೊಡಿಸಿದ್ದಳು. ಈಗ ಅವನ ಮೀಸೆ ಬೆಳ್ಳಗಾಗಿತ್ತು. "ಬೆಚ್ಚಗೇನೋ ಆಗ್ತಿತ್ತು, ಮೇಸ್ತ್ರಿ. ಆದ್ರೆ ಕಣ್ಣು ಬಿಟ್ಟಾಗೆಲ್ಲ ಆ ಹೆಸರು ಓದ್ಬೇಕಿತ್ತು. ಅದಕ್ಕಿಂತ ಚಳೀನೇ ವಾಸಿ ಅನ್ಸಿತ್ತು ನಂಗೆ."

"ನಿಂದು ಸರಿಯಪ್ಪ. ನಿಂದೊಬ್ಬಂದು ಬಿಚ್ಚಿದ್ರೆ ಸಾಕಿತ್ತು. ನಾನೂರನ್ನೂ ಬಿಚ್ಚಿದ್ಲಲ್ಲ! ಅದು ಸೊಕ್ಕು."

"ನಮ್ಮಕ್ಕನಿಗೆ ಸೊಕ್ಕು ಅನ್ಬೇಡ," ಎಂದಳು ಚಿಕ್ಕಮ್ಮ. "ಅದು ಸೊಕ್ಕಲ್ಲ, ಬೆನ್ನುಮೂಳೆ. ಎಲ್ಲರಿಗೂ ಇರುತ್ತೆ. ಅವಳದ್ದು ಬಗ್ತಿರ್ಲಿಲ್ಲ, ಅಷ್ಟೆ."

ಮೇಸ್ತ್ರಿ ತನ್ನ ಎರಡೂ ಅಂಗೈಯನ್ನು ಮೇಲೆ ಮಾಡಿ ಅವಳ ಮುಂದೆ ಹಿಡಿದ. ಚಿಕ್ಕಮ್ಮ ಆ ಬಿರುಕುಗಳನ್ನು ನೋಡಿ ಕಣ್ಣು ತಗ್ಗಿಸಿದಳು. ಅಕ್ಕನ ಬೆನ್ನುಮೂಳೆಯ ಭಾರವನ್ನು ಬೇರೆಯವರೂ ಹೊತ್ತಿದ್ದರು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

* * *

ಬಿಲ್ಲೆ ಬಿಚ್ಚಿದ ಸುದ್ದಿ ಸಾಹುಕಾರರ ಕಿವಿಗೆ ಬಿದ್ದದ್ದು ಅವರು ವಾರ್ಡು ನೋಡಲು ಬಂದ ದಿನ. ಸಾಲಾಗಿ ಮಂಚಗಳು, ಸಾಲಾಗಿ ಬೂದು ಕಂಬಳಿಗಳು. ಎಲ್ಲೂ ಒಂದು ಕೆಂಪು ಚುಕ್ಕೆಯಿಲ್ಲ. ಜೊತೆಗೆ ಬಂದಿದ್ದ ನಾಲ್ಕು ಜನ ಗಣ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ಗಂಟೆಯೊಳಗೆ ದಾರದಮ್ಮನಿಗೆ ಆಫೀಸಿನಿಂದ ಕರೆ ಬಂತು. ಅವಳು ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದು ಹೋದಳು.

ಮೇಜಿನ ಹಿಂದೆ ಕೂತಿದ್ದ ಸಾಹುಕಾರರಿಗೆ ಆಗ ನಲವತ್ತೈದರ ಆಸುಪಾಸು. "ಇದನ್ನ ಯಾರು ಬಿಚ್ಚಿದ್ದು?"

"ಹೊಲಿದವಳೇ ಬಿಚ್ಚಿದೆ." ಚೀಲವನ್ನು ಮೇಜಿನ ಮೇಲಿಟ್ಟಳು. "ಬಿಲ್ಲೆ ಎಲ್ಲಾ ಇದರಲ್ಲಿದೆ. ಒಂದೂ ಹಾಳಾಗಿಲ್ಲ. ಒಗೆದು ಇಸ್ತ್ರಿ ಮಾಡಿದೀನಿ."

ಆಫೀಸಿನ ಗುಮಾಸ್ತ ಕೆಮ್ಮಿದ. ಸಾಹುಕಾರರ ಮುಖ ಬಿಲ್ಲೆಗಿಂತ ಕೆಂಪಾಯಿತು.

"ಅಲ್ಲಮ್ಮಾ, ಕೊಟ್ಟೋನಿಗೆ ಒಂದು ಹೆಸರೂ ಬೇಡ್ವಾ? ನಾನೇನು ಕದ್ದ ಮಾಲು ಕೊಟ್ನಾ? ಈ ಊರಲ್ಲಿ ದುಡ್ಡಿರೋರು ನಾನೊಬ್ನೇ ಅಲ್ಲ. ಉಳಿದೋರು ಒಂದು ಕರವಸ್ತ್ರಾನೂ ಕೊಟ್ಟಿಲ್ಲ, ಅವರನ್ನ ಯಾರೂ ಕೇಳಲ್ಲ. ಕೊಟ್ಟೋನ್ನ ಮಾತ್ರ ಯಾಕೆ ಕೊಟ್ಟೆ ಅಂತ ಕೇಳ್ತೀರಿ."

"ಯಾಕೆ ಕೊಟ್ರಿ ಅಂತ ನಾನು ಕೇಳ್ಲಿಲ್ಲ ಯಜಮಾನ್ರೇ. ಅದು ನಿಮಗೆ ಬಿಟ್ಟಿದ್ದು. ಹೆಸರು ಬೇಡ ಅಂತಾನೂ ಅನ್ಲಿಲ್ಲ. ಗೋಡೆ ಮೇಲೆ ಹಾಕಿ, ಗೇಟಿನ ಮೇಲೆ ಹಾಕಿ. ಗೋಡೆಗೆ ಜ್ವರ ಬರಲ್ಲ. ಮಲಗಿದೋರ ಎದೆ ಮೇಲೆ ಬೇಡ."

"ನಾನು ಕೊಡದೇ ಇದ್ರೆ?"

"ಹಳೇ ಕಂಬಳಿ ಇವೆ. ಹೊಲಿದು ಹೊಲಿದು ಹಾಕ್ತೀನಿ."

ಮಗಳ ಕೈಯನ್ನು ಹಿಡಿದಿದ್ದ ತಾಯಿಯ ಕೈ ಬೆವೆತಿತ್ತು. ಧ್ವನಿ ಮಾತ್ರ ನಡುಗಲಿಲ್ಲ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಎರಡು ಲೋಟ ನೀರು ಕುಡಿದಳು. ಮಗಳು ಜೀವನದಲ್ಲಿ ಆಮೇಲೆ ಎಷ್ಟೋ ಸಲ ಹೆದರಿದ್ದಾಳೆ. ಪ್ರತಿ ಸಲವೂ ಆ ಬೆವೆತ ಕೈ ನೆನಪಾಗಿ, ಹೆದರಿಕೆಯಿದ್ದರೂ ಮಾತಾಡಬಹುದು ಎಂದು ಧೈರ್ಯ ತಂದುಕೊಂಡಿದ್ದಾಳೆ.

ಸಾಹುಕಾರರು ಹೇಳಿದಂತೆ ಮಾಡಿದರು. ಆ ವರ್ಷ ಕೊಡಬೇಕೆಂದಿದ್ದ ಬಟ್ಟೆ ಒಗೆಯುವ ದೊಡ್ಡ ಯಂತ್ರ ಬರಲಿಲ್ಲ. ಇದ್ದ ಹಳೆಯ ಯಂತ್ರ ಚಳಿಗಾಲದ ನಡುವೆ ಕೆಟ್ಟು ಕೂತಿತು. ಮೇಸ್ತ್ರಿ ಮತ್ತು ಅವನ ಐದು ಜನ ಆಸ್ಪತ್ರೆಯ ಅಷ್ಟೂ ಬಟ್ಟೆಯನ್ನು ತಣ್ಣೀರಿನಲ್ಲಿ, ಖಾರದ ಪುಡಿಯಂತೆ ಉರಿಯುವ ಸೋಡಾ ಹಾಕಿ, ಕೈಯಿಂದ ಒಗೆದರು. ಬೆರಳ ಸಂದಿಗಳು ಒಡೆದು ರಕ್ತ ಬಂತು. ಒಗೆಯುವವರು ದಾರದಮ್ಮನ ಜೊತೆ ಮಾತು ಬಿಟ್ಟರು. ಅವಳು ತನ್ನ ಹೊಲಿಗೆ ಮುಗಿಸಿ ದಿನಾ ಮಧ್ಯಾಹ್ನ ಒಗೆಯುವ ಕಟ್ಟೆಗೆ ಬರುತ್ತಿದ್ದಳು. ಯಾರೂ ಬಾ ಎನ್ನುತ್ತಿರಲಿಲ್ಲ. ತೋಳು ಮಡಿಸಿ, ಮೇಸ್ತ್ರಿಯ ಪಕ್ಕದ ತೊಟ್ಟಿಗೆ ಕೈ ಹಾಕುತ್ತಿದ್ದಳು. ಹೀಗೆ ಎರಡು ಚಳಿಗಾಲ.

"ತಪ್ಪಾಯ್ತು ಅಂತ ಸಾಹುಕಾರರಿಗೆ ಒಂದು ಮಾತು ಹೇಳ್ಬಿಡು," ಎಂದು ಮೇಸ್ತ್ರಿ ಒಮ್ಮೆ ಹೇಳಿದ್ದ.

"ನಿಮಗೆ ಹೇಳ್ತೀನಿ. ನಿಮ್ಮ ಕೈ ಹೀಗಾಗಿದ್ದು ನನ್ನಿಂದ. ತಪ್ಪಾಯ್ತು," ಎಂದಿದ್ದಳು ದಾರದಮ್ಮ. "ಅವರಿಗೆ ಹೇಳೋಕೆ ನಂಗೆ ತಪ್ಪು ಕಾಣ್ಸಲ್ಲ."

ಮೂರನೆಯ ಚಳಿಗಾಲಕ್ಕೆ, ಯಾರೂ ಕೇಳದೆ, ಮಿಲ್ಲಿನ ಲಾರಿ ಬಂತು. ಒಗೆಯುವ ಯಂತ್ರ ಒಂದು, ಹೊಸ ಕಂಬಳಿ ನೂರು. ಬಿಲ್ಲೆಯ ಚೀಲ ಇರಲಿಲ್ಲ, ಚೀಟಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷ ಕಂಬಳಿ ಬಂತು. ಸಾಹುಕಾರರು ಯಾಕೆ ಮನಸ್ಸು ಬದಲಿಸಿದರು ಎಂದು ಊರೆಲ್ಲ ತಲೆಗೊಂದು ಕತೆ ಕಟ್ಟಿತು. ದಾರದಮ್ಮ ಕಂಬಳಿಯ ಅಂಚು ಪರೀಕ್ಷಿಸಿ, ಎರಡು ಕಡೆ ಹೊಲಿಗೆ ಸಡಿಲವಿದೆ ಎಂದಷ್ಟೇ ಹೇಳಿದಳು.

* * *

ಸಾಹುಕಾರರ ಕಾರು ಬೀದಿಯ ತಿರುವಿನಲ್ಲೇ ನಿಂತಿತು; ಒಳಗೆ ಬರುವಷ್ಟು ಜಾಗವಿರಲಿಲ್ಲ. ಅವರು ನಡೆದೇ ಬಂದರು. ಎಪ್ಪತ್ತು ದಾಟಿದ ವಯಸ್ಸು, ಕಪ್ಪು ಕೋಟು. ಗೋಡೆಗೆ ಒರಗಿದ್ದ ಹೂಚಕ್ರದ ಮುಂದೆ ನಿಂತು ರಿಬ್ಬನ್ನು ಓದಿದರು.

"ಇದು... ಆಫೀಸಿನವರ ಕೆಲಸ," ಎಂದರು, ಯಾರೂ ಕೇಳದಿದ್ದರೂ.

"ಆಫೀಸು ಯಾರದ್ದು?" ಎಂದಳು ಚಿಕ್ಕಮ್ಮ.

ಅವರು ಸಣ್ಣಗೆ ತಲೆದೂಗಿ ಒಳಗೆ ಬಂದರು. ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ತಿರುಗಿದಾಗ ಬಾಗಿಲಲ್ಲಿದ್ದ ಕಾವಲುಗಾರನ ಮಡಿಸಿದ ತೋಳು ಕಣ್ಣಿಗೆ ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಮೇಲ್ವಿಚಾರಕರು ಕುರ್ಚಿ ಎಳೆದು ಕೊಟ್ಟರು. ಸಾಹುಕಾರರು ಕೂರದೆ ಮಗಳ ಕಡೆ ನೋಡಿ, "ಕಟ್ಟಡದ ವಿಷಯ ಹೇಳಿದ್ರಾ?" ಎಂದರು.

"ಹೇಳಿದ್ರು. ಅದಕ್ಕೆ ಮುಂಚೆ ನಾನು ಒಂದು ಕೇಳ್ಲಾ ಯಜಮಾನ್ರೇ? ಅಮ್ಮ ಯಾವತ್ತೂ ಕೇಳ್ಲಿಲ್ಲ. ನಂಗೆ ಚಿಕ್ಕಂದಿನಿಂದ ಕೇಳ್ಬೇಕು ಅಂತಿದೆ."

"ಕೇಳಮ್ಮ."

"ಎರಡು ವರ್ಷ ಬಿಟ್ಟು ಮತ್ತೆ ಯಾಕೆ ಕಳಿಸಿದ್ರಿ? ಹೆಸರೂ ಇಲ್ದೆ."

ಪತ್ರಿಕೆಯವನು ಜೇಬಿನಿಂದ ಪುಸ್ತಕ ತೆಗೆಯಲು ಹೋದವನು, ಚಿಕ್ಕಮ್ಮ ನೋಡಿದ ನೋಟಕ್ಕೆ ಹಾಗೇ ಒಳಗೆ ಸೇರಿಸಿದ.

"ಸಿಟ್ಟಿಗೆ," ಎಂದರು ಸಾಹುಕಾರರು. "ನಿಜ ಹೇಳ್ತೀನಿ. ಆ ಬಿಲ್ಲೆ ಚೀಲ ಮನೆಗೆ ತಗೊಂಡು ಹೋದೆ. ನನ್ನ ಹೆಂಡತಿ ಅದನ್ನ ಬಿಸಾಕ್ಲಿಲ್ಲ. ಒಲೆ ಮೇಲಿನ ಪಾತ್ರೆ ಇಳಿಸೋಕೆ ಇಟ್ಕೊಂಡ್ಲು. ಎರಡು ವರ್ಷ ದಿನಾ ನನ್ನ ಹೆಸರು ಹಿಡ್ಕೊಂಡು ಸಾರಿನ ಪಾತ್ರೆ ಇಳಿಸಿದ್ಲು. ಚೆನ್ನಾಗಿ ಹಿಡಿಯುತ್ತೆ ರೀ, ಅಂತ ಬೇರೆ ಹೇಳೋಳು."

ಚಿಕ್ಕಮ್ಮ ನಕ್ಕಳು. ಸಾಹುಕಾರರೂ ನಕ್ಕರು, ಅರ್ಧ.

"ಕೊನೆಗೆ ಒಂದು ದಿನ, ಹೆಸರಿಲ್ದೇನೂ ಕೊಡೋ ತಾಕತ್ತು ನಂಗಿದೆ ಅಂತ ಆ ಹೆಂಗಸಿಗೆ ತೋರಿಸ್ಬೇಕು ಅನ್ನಿಸ್ತು. ತೋರಿಸೋಕೇ ಕಳಿಸಿದ್ದು. ಅದೂ ಒಂದು ಥರ ಹೆಸರಿಗೇ ಅಲ್ವಾ? ಅವಳು ಥ್ಯಾಂಕ್ಸ್ ಹೇಳಿ ಕಳಿಸ್ತಾಳೆ ಅಂತ ಕಾದೆ. ಹೊಲಿಗೆ ಸಡಿಲ ಇದೆ ಅಂತ ಹೇಳಿ ಕಳಿಸಿದ್ಲು. ಮುಂದಿನ ವರ್ಷ ಹೊಲಿಗೆ ಗಟ್ಟಿ ಮಾಡಿಸಿ ಕಳಿಸಿದೆ. ಆಮೇಲೆ..." ಅವರು ಮಾತು ಹುಡುಕಿದರು. "ಆಮೇಲೆ ಯಾವ ವರ್ಷ ಅದು ಬದಲಾಯ್ತು, ಬದಲಾಯ್ತೋ ಇಲ್ವೋ, ನಂಗೆ ಗೊತ್ತಿಲ್ಲಮ್ಮ. ಚಳಿ ಬಂದ್ರೆ ಕಂಬಳಿ ನೆನಪಾಗ್ತಿತ್ತು. ಅಷ್ಟೇ ಹೇಳಬಲ್ಲೆ."

ಮಗಳು ತಲೆಯಾಡಿಸಿದಳು. ಇಷ್ಟು ನೇರವಾದ ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ. ಅದಕ್ಕೇ ಮುಂದಿನ ಮಾತು ಕಷ್ಟವಾಯಿತು.

"ಕಟ್ಟಡ ಬೇಕು ಯಜಮಾನ್ರೇ. ಖಂಡಿತ ಬೇಕು. ಆದ್ರೆ ಅಮ್ಮನ ಹೆಸರು ಬೇಡ."

ಮೇಲ್ವಿಚಾರಕರು ಮುಂದೆ ಬಂದರು. "ಅಲ್ಲಮ್ಮ, ಇದು ಅವರಿಗೆ ಗೌರವ..."

"ಗೋಡೆ ಮೇಲೆ ಹಾಕಿ ಅಂತ ಅವಳೇ ಅಂದಿದ್ಲು," ಎಂದರು ಸಾಹುಕಾರರು. "ನೀನೂ ಇದ್ದೆ. ಗೋಡೆಗೆ ಜ್ವರ ಬರಲ್ಲ ಅಂದ್ಲು. ಅದನ್ನೇ ಮಾಡ್ತಿದೀನಿ."

"ನಿಮ್ಮ ಹೆಸರು ಹಾಕಿ ಅಂದಿದ್ದು. ನಿಮ್ಮದನ್ನೇ ಹಾಕಿ. ಎಷ್ಟು ದೊಡ್ಡದಾಗಿ ಬೇಕಾದ್ರೂ ಹಾಕಿ."

"ನನ್ನ ಹೆಸರು ಹಾಕಿದ್ರೆ ಜನ ಬೈತಾರೆ. ಮತ್ತೆ ಶುರು ಮಾಡಿದ ಅಂತಾರೆ."

"ಬೈಸ್ಕೊಳ್ಳಿ," ಎಂದಳು ಮಗಳು. ಅವಳ ಅಂಗೈ ಬೆವೆಯುತ್ತಿತ್ತು. "ಅಮ್ಮನ ಹೆಸರಿನ ಹಿಂದೆ ಯಾಕೆ ನಿಂತ್ಕೋತೀರಿ? ನೀವು ಕೊಟ್ಟಿದ್ದು ನಿಮ್ಮದು. ಅಮ್ಮ ಕೊಟ್ಟಿದ್ದು ಬೇರೆ. ಅದು ಎಲ್ಲೂ ಬರೆದಿಲ್ಲ, ಆದ್ರೆ ಈ ಮನೆಯಲ್ಲಿ ಕೂತಿರೋರಿಗೆಲ್ಲ ಗೊತ್ತು. ಇನ್ನು, ಸ್ಮಶಾನದಲ್ಲಿ ಭಾಷಣ ಬೇಡ. ಇವತ್ತು ಅವಳ ದಿನ."

ಸಾಹುಕಾರರ ದವಡೆ ಬಿಗಿಯಿತು. ಮೇಲ್ವಿಚಾರಕರು ಕಣ್ಣು ಮುಚ್ಚಿಕೊಂಡರು. ಕಟ್ಟಡದ ಕತೆ ಮುಗಿಯಿತೆಂದೇ ಅವರು ತಿಳಿದರು.

"ಇನ್ನೊಂದು ಮಾತು." ಮಗಳು ಮೂಲೆಯ ಕಡೆ ತಿರುಗಿದಳು. "ಕಟ್ಟಿಸೋದಾದ್ರೆ ಮೊದಲು ಇವರನ್ನ ಕೇಳಿ. ಅವತ್ತು ನೀವು ಅಮ್ಮನ ಮೇಲೆ ಮಾಡ್ಕೊಂಡ ಸಿಟ್ಟಿಗೆ ಬೆಲೆ ತೆತ್ತಿದ್ದು ಇವರ ಕೈ. ಅಮ್ಮ ನೆಟ್ಟಗೆ ನಿಂತಿದ್ದಕ್ಕೂ ಇವರ ಕೈಯೇ ನೋವು ತಿಂದಿದ್ದು. ಹೇಳಿ ಮಾವ, ಒಗೆಯೋರಿಗೆ ಏನು ಬೇಕು?"

ಮೇಸ್ತ್ರಿ ಎದ್ದು ನಿಂತ. ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ.

"ಬಿಸಿನೀರು," ಎಂದ. "ತೊಟ್ಟಿಗೇ ಬರೋ ಹಾಗೆ ಬಿಸಿನೀರಿನ ಕೊಳವೆ. ಈಗ ಇರೋ ಹುಡುಗೀರು ಇನ್ನೂ ತಣ್ಣೀರಲ್ಲೇ ಕೈ ಅದ್ದೋದು. ಯಂತ್ರ ಎಷ್ಟಿದ್ರೂ ರಕ್ತದ ಕಲೆ ಮೊದಲು ಕೈಯಲ್ಲೇ ಉಜ್ಜಬೇಕು. ಆಮೇಲೆ ಕಟ್ಟೆ ಎತ್ತರ. ಸೊಂಟದ ಮಟ್ಟಕ್ಕೆ ಬರಬೇಕು. ಬಗ್ಗಿ ಬಗ್ಗಿ ಒಗೆದು ನಮ್ಮೋರಲ್ಲಿ ಯಾರಿಗೂ ನೆಟ್ಟಗೆ ನಡಿಯೋಕಾಗಲ್ಲ." ಪೆಟ್ಟಿಗೆಯ ಕಡೆ ನೋಡದೆ, "ಇವಳ ಹೆಸರು ಬೇಕಾಗಿಲ್ಲ. ನಮ್ಮ ಕಟ್ಟೆ ಮೇಲೆ ಇವಳು ಯಾವ ಜಾಗದಲ್ಲಿ ನಿಂತಿದ್ಲು ಅಂತ ನಮಗೆ ಗೊತ್ತು," ಎಂದ.

ಸಾಹುಕಾರರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೊರಗೆ ವ್ಯಾನು ಬಂದ ಸದ್ದಾಯಿತು.

ಸ್ಮಶಾನ ಒಂದು ಸಣ್ಣ ದಿಣ್ಣೆಯ ಮೇಲಿತ್ತು. ವ್ಯಾನು ಗೇಟಿನ ತನಕ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಮೇಲೆ ಜಲ್ಲಿಕಲ್ಲಿನ ಏರುದಾರಿ. ಮಗಳ ಜೊತೆ ಕೆಲಸ ಮಾಡುವ ಇಬ್ಬರು ಬಸ್ಸಿನ ಚಾಲಕರು, ಆಸ್ಪತ್ರೆಯ ಒಬ್ಬ ವಾರ್ಡಿನಾಳು, ಕಾವಲುಗಾರ, ಮೇಸ್ತ್ರಿ ಮತ್ತು ಚಿಕ್ಕಮ್ಮನ ಗಂಡ ಹೆಗಲು ಕೊಟ್ಟರು. ಕೆಳಗೆ ರಸ್ತೆಯಲ್ಲಿ ಪಾಳಿ ಮುಗಿಸಿದ ನರ್ಸುಗಳು, ಇನ್ನೂ ಒದ್ದೆ ತೋಳಿನ ಒಗೆಯುವ ಹೆಂಗಸರು, ಊರುಗೋಲು ಹಿಡಿದ ಯಾರ್ಯಾರೋ ಹಳೆಯ ರೋಗಿಗಳು ಬರುತ್ತಲೇ ಇದ್ದರು. ಮಗಳು ತಿರುಗಿ ನೋಡಿದಳು. ಸಾಲಿನ ಕೊನೆ ಕಾಣಿಸಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಅರ್ಧ ದಾರಿಯಲ್ಲಿ ಚಿಕ್ಕಮ್ಮನ ಗಂಡನಿಗೆ ಉಸಿರು ಕಟ್ಟಿತು. ಉಬ್ಬಸದ ಮನುಷ್ಯ, ಎದೆ ಹಿಡಿದುಕೊಂಡು ಪಕ್ಕಕ್ಕೆ ಸರಿದ. ಪೆಟ್ಟಿಗೆ ಆ ಮೂಲೆಗೆ ವಾಲಿತು. ಬೇರೆಯವರು ಬರುವ ಮುಂಚೆ, ಹಿಂದೆಯೇ ನಡೆಯುತ್ತಿದ್ದ ಸಾಹುಕಾರರು ಮುಂದೆ ಬಂದು ಆ ಜಾಗಕ್ಕೆ ಹೆಗಲು ಕೊಟ್ಟರು. ಅವರ ಮುಂದೆ, ಅದೇ ಬದಿಯಲ್ಲಿ, ಕಾವಲುಗಾರನಿದ್ದ. ಅವನಿಗೆ ಹಿಂದೆ ಬಂದವರು ಯಾರೆಂದು ಗೊತ್ತಾಯಿತು. ಹೆಜ್ಜೆ ನಿಲ್ಲಿಸಲಿಲ್ಲ.

ಪತ್ರಿಕೆಯವನು ಓಡಿ ಬಂದು ಕ್ಯಾಮೆರಾ ಎತ್ತಿದ. ಪೆಟ್ಟಿಗೆಯ ಮರೆಯಲ್ಲಿ ಸಾಹುಕಾರರ ಮುಖ ಕಾಣಿಸಲಿಲ್ಲ. ಎರಡು ಮೂರು ಕಡೆಯಿಂದ ನೋಡಿ, ಕ್ಯಾಮೆರಾ ಇಳಿಸಿದ.

"ಹೆಗಲು ಕೊಡೋದಾದ್ರೆ ಸರಿಯಾಗಿ ಕೊಡಿ," ಎಂದ ಮೇಸ್ತ್ರಿ ಮುಂದಿನಿಂದ, ಹಿಂತಿರುಗಿ ನೋಡದೆ. "ವಾಲಬಾರ್ದು. ಎಡ... ಬಲ... ಎಡ..."

ಸಾಹುಕಾರರು ಉಳಿದ ಐವರಿಗಿಂತ ಒಂದು ಗೇಣು ಗಿಡ್ಡ. ಹಿಂದೆ ಬರುತ್ತಿದ್ದ ಮಗಳಿಗೆ ಅವರ ಕಾಲು ಮಾತ್ರ ಕಾಣುತ್ತಿತ್ತು. ಹೊಳೆಯುವ ಕಪ್ಪು ಬೂಟಿನಿಂದ ಅವರ ಹಿಮ್ಮಡಿಗಳು ಮೇಲೆದ್ದಿದ್ದವು. ಪೆಟ್ಟಿಗೆ ವಾಲದಿರಲೆಂದು, ಆ ಏರುದಾರಿಯ ಜಲ್ಲಿಕಲ್ಲಿನ ಮೇಲೆ, ದಿಣ್ಣೆಯ ತುದಿಯ ತನಕ, ಆ ಮುದುಕ ತುದಿಗಾಲಲ್ಲೇ ನಡೆದ.